ಎಡಕ್ಕೆ ತಿರುಗಿದ ಹೋಳಿ

ಹೊಸನಗರದ ಹತ್ತಿರದ ನಮ್ಮ ಕೇರಿಗೆ ನಾವು ಕುಡುಬಿಯರು ಬಂದದ್ದು ಯಾವ ಕಾಲದಲ್ಲೋ. ಗೋವೆ ಕಡೆಯಿಂದ ಹೊರಟ ಹಿರಿಯರು ಘಟ್ಟ ಹತ್ತಿ ಇಲ್ಲಿ ನಿಂತರಂತೆ. ಈಚೆಗೆ ದೂರದ ಕಾಡಂಚಿನ ಊರು ಬಿಟ್ಟು ಇನ್ನೊಂದಿಷ್ಟು ಕುಡುಬಿಯರು ಬಂದು ಕೇರಿಯ ಕೆಳಗೆ ಮನೆ ಕಟ್ಟಿಕೊಂಡರು. ಮನೆಮಾತು ನಮ್ಮದೇ, ಹೋಳಿಗೆ ಬಡಿಯುವ ಗುಮಟೆಯೂ ನಮ್ಮದೇ. ಆದರೂ ನಮ್ಮವರ ಬಾಯಲ್ಲಿ ಅವರು ‘ವಲಸೆಯವರು’. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

“ನಾವೇನು ಇಲ್ಲೇ ಮಣ್ಣಿಂದ ಎದ್ದು ಬಂದವ್ರಾ?” ಎಂದು ಚಿಕ್ಕಪ್ಪನನ್ನು ನೇರವಾಗಿಯೇ ಕೇಳಿದೆ. ಅವನು ಕೇರಿಯ ಗುರಿಕಾರ, ಅಂದರೆ ಯಜಮಾನ.

“ನಿಂಗೆ ಬಾಯಿ ಜಾಸ್ತಿ ಆಯ್ತು ಮಾರಾಯ್ತಿ,” ಎಂದು ಎಲೆಗೆ ಸುಣ್ಣ ಹಚ್ಚತೊಡಗಿದ.

ನನ್ನ ಹಟಕ್ಕೆ ಕಾರಣವಿತ್ತು. ಕೆಳಗಿನ ಮನೆಯ ನನ್ನ ಗೆಳತಿಯ ಮಗಳಿಗೆ ಮದುವೆ ಗೊತ್ತಾಗಿತ್ತು. ನಮ್ಮಲ್ಲಿ ಗುರಿಕಾರ ಮುಂದೆ ನಿಂತು ವೀಳ್ಯ ಕೊಡದೆ ಮದುವೆಯಿಲ್ಲ. ಹೋಳಿಯಲ್ಲಿ ಕೇರಿಯ ಜೊತೆ ಕುಣಿಯದವರಿಗೆ ಗುರಿಕಾರ ನಿಲ್ಲುವುದೂ ಇಲ್ಲ. ಗೆಳತಿಯ ಗಂಡನನ್ನು ಕುಣಿತಕ್ಕೆ ಸೇರಿಸಿಕೊಳ್ಳುವ ತನಕ ನಾನು ಚಿಕ್ಕಪ್ಪನ ಜೀವ ತಿಂದೆ. ಕಡೆಗೆ ಒಪ್ಪಿದ.

ಅಭ್ಯಾಸದ ದಿನ ಗುಮಟೆ ಬಡಿದು ಸುತ್ತು ಶುರುವಾಯಿತು. ನಮ್ಮವರೆಲ್ಲ ಬಲಕ್ಕೆ ಹೊರಟರು, ಗೆಳತಿಯ ಗಂಡ ಎಡಕ್ಕೆ! ಅವರ ಊರಲ್ಲಿ ಸುತ್ತುವುದೇ ಹಾಗಂತೆ, ಯಾರಿಗೆ ಗೊತ್ತಿತ್ತು? ಸೀದಾ ಹೋಗಿ ಚಿಕ್ಕಪ್ಪನಿಗೇ ಡಿಕ್ಕಿ ಹೊಡೆದ. ಚಿಕ್ಕಪ್ಪನ ಕೈಲಿದ್ದ ಗುಮಟೆ ಮಣ್ಣಿನ ಮಡಕೆಯಲ್ಲವೇ, ನೆಲಕ್ಕೆ ಬಿದ್ದು ಚೂರಾಯಿತು.

ಎಲ್ಲ ಹಾಳಾಯಿತು, ಇನ್ನು ಚಿಕ್ಕಪ್ಪ ಆ ಮದುವೆಗೆ ಕಾಲಿಡುವುದಿಲ್ಲ ಅಂದುಕೊಂಡೆ. ಗೆಳತಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

ಚಿಕ್ಕಪ್ಪ ಮಾತ್ರ ಅವಳ ಗಂಡನನ್ನೇ ನೋಡುತ್ತಿದ್ದ. “ಇನ್ನೊಂದ್ಸಲ ತಿರುಗು, ನೋಡಣ,” ಎಂದ.

ಅವನು ಹೆದರುತ್ತಲೇ ಎಡಕ್ಕೆ ಒಂದು ಸುತ್ತು ಹಾಕಿದ.

“ನಮ್ಮಜ್ಜ ಹಿಂಗೇ ತಿರುಗ್ತಿದ್ದ,” ಎಂದ ಚಿಕ್ಕಪ್ಪ. “ಒಡೇರು ಅವ್ರ ಅಂಗಳದಲ್ಲಿ ಪ್ರದಕ್ಷಿಣೆ ಹಾಕ್ದಂಗೆ ಬಲಕ್ಕೆ ಕುಣಿರಿ ಅಂದ್ರು. ಅವ್ರ ಗದ್ದೆ ಮಾಡ್ತಿದ್ವಲ್ಲ, ಇಲ್ಲ ಅನ್ನಕ್ಕಾಗ್ತಿತ್ತಾ? ನಮ್ಮಪ್ಪನ ಕಾಲಕ್ಕೆ ಕುಣಿತ ಬಲಕ್ಕೆ ತಿರುಗ್ತು.”

ನನಗಂತೂ ಚಿಕ್ಕಪ್ಪನ ಮೇಲಿದ್ದ ಸಿಟ್ಟೆಲ್ಲ ಇಳಿಯಿತು. ಅವನು ಬಗ್ಗಿ ಚೂರು ಹೆಕ್ಕುತ್ತ ಗೆಳತಿಯನ್ನು ಗದರಿಸಿದ:

“ಎಂತಕ್ಕೆ ಅಳ್ತೀಯೆ? ಚಪ್ರ ಹಾಕಕ್ಕೆ ನಾವು ಯಾವತ್ತು ಬರ್ಬೇಕು, ಅದು ಹೇಳು.”