ಸಾವಿನ ಸುದ್ದಿ ಹೇಳುತ್ತಿದ್ದ ಹರಿಪ್ರಿಯಾ

ಹರಿಪ್ರಿಯಾಳಿಗೆ ಕಣ್ಣೀರು ಬೇಗ. ಮಾನ್ವಿಯ ಅವರ ಓಣಿಯಲ್ಲಿ ಚಿಕ್ಕಂದಿನಲ್ಲೇ ಅಳುಬುರುಕಿ ಎಂಬ ಹೆಸರು ಬಿದ್ದಿತ್ತು. ಯಾರದೋ ಮನೆಯ ಎಮ್ಮೆ ಸತ್ತರೆ ಇವಳು ಊಟ ಬಿಡುವಳು. ಶಾಲೆಯಲ್ಲಿ ಪಕ್ಕದ ಹುಡುಗಿಗೆ ಏಟು ಬಿದ್ದರೆ ಇವಳ ಅಂಗೈ ಉರಿಯುವುದು. ಗುಡಿಯ ಪೂಜೆಗಿದ್ದ ತಂದೆ ನಕ್ಕು ಸುಮ್ಮನಾಗುತ್ತಿದ್ದರು. ತಾಯಿ ಸರಸ್ವತಿಬಾಯಿಗೆ ಮಾತ್ರ ಅದೇ ಚಿಂತೆ. "ಇಷ್ಟು ಮೆತ್ತಗಿದ್ರ ಹೆಂಗ ಬಾಳ್ವಿ ಮಾಡ್ತೀಯವ್ವಾ? ಮಂದಿ ನಿನ್ನ ಹಿಂಡಿ ತಿಂತಾರ."

ಬಿಕಾಂ ಮುಗಿಸಿ ಅವಳು ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಳು. ಮರುವರ್ಷವೇ ಕೊರೊನಾದ ಎರಡನೇ ಅಲೆ ಬಂತು. ಬಿಸಿಲಿಗೆ ಕಾದ ಊರಿನಲ್ಲಿ ಆಂಬುಲೆನ್ಸಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ರೋಗಿಯ ಮನೆಯವರನ್ನು ಗೇಟಿನಿಂದ ಒಳಗೆ ಬಿಡುತ್ತಿರಲಿಲ್ಲ. ಮ್ಯಾನೇಜರ್ ವಿದ್ಯಾಧೀಶ ಅವಳನ್ನು ಕರೆದು ಒಂದು ಫೋನು ಕೈಗಿಟ್ಟ.

"ನಿನ್ನ ದನಿ ಮೃದು ಅದ. ತೀರಿಹೋದವರ ಮನಿಗೆ ಇನ್ನ ನೀನೇ ಫೋನ್ ಮಾಡು. ಪೇಷಂಟ್ ಹೋಗಿಬಿಟ್ರು, ಆಧಾರ್ ಕಾರ್ಡ್ ತಗೊಂಡು ಬರ್ರಿ, ಇಷ್ಟ ಹೇಳಿ ಇಟ್ಟುಬಿಡು. ಹೆಚ್ಚಿಗಿ ಮಾತು ಬ್ಯಾಡ."

ಅಷ್ಟು ಹೇಳಿ ಇಡಲು ಅವಳಿಂದ ಆಗಲಿಲ್ಲ. ಆ ಕಡೆಯವರು ಅಳುವ ಮೊದಲೇ ಇವಳು ಅಳುತ್ತಿದ್ದಳು. ಎಲ್ಲರದೂ ಒಂದೇ ಪ್ರಶ್ನೆ: "ಕಡೀಕ ಏನಂದ್ರು?" ಗೊತ್ತಿಲ್ಲ ಎಂದರೆ ಆ ಕಡೆ ಹರಡುತ್ತಿದ್ದ ಮೌನವನ್ನು ತಾಳಲಾರದೆ ಒಂದು ದಿನ ಹೇಳಿಬಿಟ್ಟಳು, "ನಿಮ್ಮ ಹೆಸರು ಕರದ್ರು." ಆ ಕಡೆಯ ಅಳು ಸ್ವಲ್ಪ ಹದಕ್ಕೆ ಬಂತು. ಅಲ್ಲಿಂದ ಅದೇ ರೂಢಿಯಾಯಿತು. ನೀರು ಕುಡಿದು ಸಮಾಧಾನದಿಂದ ಮಲಗಿದರು, ಮಕ್ಕಳನ್ನು ನೆನೆಸಿದರು, ದೇವರ ನಾಮ ಹೇಳಿದರು. ವಾರ್ಡಿನ ಬಾಗಿಲು ದಾಟದೆ ಕುರ್ಚಿಯಲ್ಲೇ ಕೂತು ಕಟ್ಟಿದ ಮಾತುಗಳು ಅವು. ತನ್ನ ಮೆತ್ತನೆಯ ಮನಸ್ಸು ಕೊನೆಗೂ ಯಾರಿಗೋ ಉಪಯೋಗವಾಯಿತು ಎಂದು ಅವಳು ನಂಬಿದ್ದಳು.

ಒಂದು ಮಧ್ಯಾಹ್ನ ದೇವದುರ್ಗ ತಾಲೂಕಿನ ಜಾಲಹಳ್ಳಿಗೆ ಫೋನ್ ಮಾಡಿದಳು. ಕುರಿ ಕಾಯುತ್ತಿದ್ದ ಪರಮಣ್ಣ ತೀರಿಹೋಗಿದ್ದ. ಫೋನ್ ಎತ್ತಿದ್ದು ಅವನ ಮಗಳು ಕರೆಮ್ಮ.

"ಕಡೀಕ ನಿಮ್ಮ ಹೆಸರು ಕರದ್ರು," ಎಂದಳು ಹರಿಪ್ರಿಯಾ.

ಕರೆಮ್ಮ ಎಂದಳು, "ಯವ್ವಾ, ನಮ್ಮಪ್ಪ ಹುಟ್ಟಾ ಮೂಗ."

ಕರೆಮ್ಮ ಬೈಯಲಿಲ್ಲ. "ಗೇಟಿನ್ಯಾಗ ನಿಂತ ವಾಚ್‌ಮನ್ನಗ ನನ್ನ ಗಂಡ ಹೇಳಿದ್ದ, ಮೂಗ ಅದಾನ, ಕೈಲೇ ಮಾತಾಡ್ತಾನ ಅಂತ. ಖರೇ ಹೇಳವ್ವಾ, ಅವನ ಕೈ ಏನು ಹೇಳಾಕತ್ತಿದ್ವು? ಯಾರರ ನೋಡಿದ್ರೇನು?"

"ಕೇಳಿ ಹೇಳ್ತೀನ್ರಿ," ಎಂದು ಫೋನಿಟ್ಟು, ವಾರ್ಡಿನ ಆಯಾ ಜೈನಾಬ್‌ಳನ್ನು ಹುಡುಕಿಕೊಂಡು ಹೋದಳು. ಜೈನಾಬ್ ನೆಲ ನೋಡಿದಳು. "ಅಂವ ಮೂಗ ಅಂತ ಒಳಗ ಯಾರಿಗೂ ಗೊತ್ತಿದ್ದಿಲ್ಲ ಬೇಟಿ. ಆಕ್ಸಿಜನ್ ಮಾಸ್ಕ್ ತಗದು ತಗದು ಕೈ ಬೀಸ್ತಿದ್ದ. ಉಸಿರು ನಿಂತೀತು ಅಂತ ಬ್ಯಾಂಡೇಜ್ ಬಟ್ಟಿಲೇ ಎರಡೂ ಕೈ ಮಂಚಕ್ಕ ಕಟ್ಟಿದ್ವಿ."

ವಿದ್ಯಾಧೀಶನಿಗೆ ಹೇಳಿದರೆ ಅವನು ಸಿಡಿದ. "ಬಾಯಿ ಮುಚ್ಚಿಕೊಂಡಿರು. ಕೇಸ್ ಆದ್ರ ಯಾರು ಓಡಾಡೋರು?" ಹರಿಪ್ರಿಯಾ ಫೋನ್ ಹಿಡಿದು ಆಸ್ಪತ್ರೆಯ ಹಿಂದೆ ಹೋದಳು. ಮತ್ತೆ ಫೋನ್ ಮಾಡದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೂ ಮಾಡಿದಳು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಕೈ ಕಟ್ಟಿದ್ರೇನು?" ಕರೆಮ್ಮಳ ದನಿ ಒಡೆಯಿತು. "ಬಾಯಿ ಹೊಲದಂಗ ಆತಲ್ಲವ್ವಾ!"

ಇಬ್ಬರೂ ಫೋನ್ ಇಡಲಿಲ್ಲ. ಕರೆಮ್ಮ ಅತ್ತಳು, ಅಪ್ಪ ಶಿಳ್ಳೆ ಹಾಕಿದರೆ ಕುರಿಗಳೆಲ್ಲ ತಿರುಗಿ ನಿಲ್ಲುತ್ತಿದ್ದವು ಎಂದಳು, ಮತ್ತೆ ಅತ್ತಳು. ಕೊನೆಗೆ, "ಇನ್ನ ಯಾರಿಗೂ ಸುಳ್ಳು ಹೇಳಬ್ಯಾಡವ್ವಾ," ಎಂದು ಇಟ್ಟಳು.

ಹರಿಪ್ರಿಯಾ ರಜೆ ಹಾಕಿ ಮಾನ್ವಿಗೆ ಹೋಗಿ ಮುಸುಕು ಹಾಕಿ ಮಲಗಿದಳು. ಹಿಂದೆ ತನ್ನಿಂದ ಸುಳ್ಳು ಕೇಳಿದವರ ದನಿಗಳೆಲ್ಲ ಕಿವಿಯಲ್ಲಿ ಸುತ್ತಿದವು. ಅವರಲ್ಲಿ ಯಾರಿಗೂ ಹೇಳಿದ್ದನ್ನು ಅವಳು ಈಗ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. "ಬಿಟ್ಟುಬಿಡು ಆ ನೌಕರಿ," ಎಂದರು ಸರಸ್ವತಿಬಾಯಿ. ಬಿಟ್ಟರೆ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ, ಒಂದೇ ಮಾತು ಹೇಳಿ ಫೋನ್ ಇಡುತ್ತಾರೆ. ಮಲಗಿದಲ್ಲೇ ಅವಳಿಗೆ ಇನ್ನೊಂದು ವಿಷಯವೂ ಹೊಳೆಯಿತು. ತಾನು ಸುಳ್ಳು ಹೇಳಿದ್ದು ಅವರ ನೋವಿಗಾಗಿ ಅಲ್ಲ; ಅವರ ಮೌನ ಕೇಳಲಾರದ ತನ್ನ ನೋವಿಗಾಗಿ.

ಅವಳು ರಾಯಚೂರಿಗೆ ವಾಪಸ್ಸಾದಳು. "ಫೋನ್ ಮಾಡ್ತೀನ್ರಿ ಸರ್, ಆದ್ರ ದಿನಾ ಮುಂಜಾನಿ ನಾನು ವಾರ್ಡಿನೊಳಗ ಹೋಗಾಕಿ." ವಿದ್ಯಾಧೀಶ ಹುಚ್ಚಿ ಎಂದ. ಆದರೆ ಆ ಕೆಲಸಕ್ಕೆ ಬೇರೆ ಯಾರೂ ಬರಲೊಲ್ಲರು, ಒಪ್ಪಿದ.

ಸೋಂಕು ತಗುಲದಂತೆ ತೊಡುವ ಬಿಳಿ ಪಿಪಿಇ ನಿಲುವಂಗಿಯೊಳಗೆ ಬೆವರಿನಲ್ಲಿ ನೆನೆಯುತ್ತ ಅವಳು ಮಂಚದಿಂದ ಮಂಚಕ್ಕೆ ನಡೆದಳು. ಯಾರಿಗೆ ಕಿವಿ ಮಂದ, ಯಾರಿಗೆ ತೆಲುಗು ಬಿಟ್ಟು ಬೇರೆ ಬಾರದು ಎಂದು ತಿಳಿದು ನರ್ಸುಗಳಿಗೆ ಹೇಳಿದಳು. ಸಾವು ನಿಲ್ಲಲಿಲ್ಲ. ಫೋನಿನಲ್ಲಿ ಈಗ, "ಏನೂ ಅನ್ನಲಿಲ್ರಿ, ಎಚ್ಚರ ಇದ್ದಿಲ್ಲ," ಎನ್ನುತ್ತಿದ್ದಳು. ಕೆಲವರು ಶಾಪ ಹಾಕಿದರು. ಅವಳು ಅಳುತ್ತಲೇ ಕೇಳಿಸಿಕೊಂಡಳು. ಫೋನ್ ಮಾತ್ರ ಇಡಲಿಲ್ಲ.

ಜೂನ್ ಹೊತ್ತಿಗೆ ಜೈನಾಬ್‌ಳೇ ಸೋಂಕು ತಗುಲಿ ಅದೇ ವಾರ್ಡಿನಲ್ಲಿ ಮಲಗಿದಳು, ಏಳಲಿಲ್ಲ. ಅವಳ ಮಗಳು ತಹಮೀನಾಳಿಗೆ ಹರಿಪ್ರಿಯಾ ಫೋನ್ ಮಾಡಿದಳು.

"ಅಮ್ಮೀ ಏನಂದ್ಳು?"

"ಮುಂಜಾನಿ ಚಾ ಕೇಳಿದ್ರು. ನೆಲ ಸರಿಯಾಗಿ ಒರಸಿಲ್ಲ ಅಂತ ಹುಡುಗನ್ನ ಬೈದ್ರು. ಆಮ್ಯಾಲ ಮಾತಾಡಲಿಲ್ಲವ್ವಾ."

ತಹಮೀನಾ ಬಿಕ್ಕುತ್ತಲೇ ಒಮ್ಮೆ ನಕ್ಕಳು. "ಹಾಂ. ಅಮ್ಮೀನೇ ಆಕಿ. ಖರೇನ ಅಮ್ಮೀನೇ." ಹಿಂದೆ ತಾನು ಕಟ್ಟಿದ ಯಾವ ಸಿಹಿ ಮಾತಿನಲ್ಲೂ ಯಾರೂ ಹೀಗೆ ತಮ್ಮವರನ್ನು ಗುರುತು ಹಿಡಿದಿರಲಿಲ್ಲ ಎಂಬುದು ಹರಿಪ್ರಿಯಾಳಿಗೆ ಆಗ ಹೊಳೆಯಿತು.

ಬಸ್ಸುಗಳು ಶುರುವಾದ ಮೇಲೆ ಅವಳು ಜಾಲಹಳ್ಳಿಗೂ ಹೋಗಿಬಂದಳು. ಕರೆಮ್ಮ ನೀರು ಕೊಟ್ಟಳು, ಕಟ್ಟೆಯ ಮೇಲೆ ಕೂರಿಸಿದಳು. "ನೀ ಒಳ್ಳೇಕಿ. ಆದ್ರ ನಿನ್ನ ನೋಡಿದ್ರ ಅಪ್ಪನ ಕೈ ನೆಪ್ಪಾಗ್ತಾವ. ಮತ್ತ ಬರಬ್ಯಾಡವ್ವಾ." ಹರಿಪ್ರಿಯಾ ತಲೆಯಾಡಿಸಿ ಎದ್ದಳು. ಮತ್ತೆ ಹೋಗಲಿಲ್ಲ.

ಅವಳು ಈಗಲೂ ಅದೇ ಆಸ್ಪತ್ರೆಯಲ್ಲಿದ್ದಾಳೆ. ತೀವ್ರ ನಿಗಾ ಘಟಕದ ಹೊರಗೆ ಕೂತವರಿಗೆ ಒಳಗಿನ ಸುದ್ದಿ ಹೇಳುವುದು ಅವಳ ಕೆಲಸ. ಮೊದಲು ಒಳಗೆ ಹೋಗಿ ನೋಡುತ್ತಾಳೆ, ಆಮೇಲೆ ಹೊರಬಂದು ಅವರ ಪಕ್ಕದ ಬೆಂಚಿನಲ್ಲಿ ಕೂತು ಹೇಳುತ್ತಾಳೆ. ಹೇಳುವಾಗ ಕಣ್ಣು ತುಂಬಿದರೆ ಸೆರಗಿನಿಂದ ಒರೆಸಿಕೊಂಡು ಮಾತು ಮುಂದುವರಿಸುತ್ತಾಳೆ.