ಟರ್ಕಿ ಹೇಂಟೆ ಹುಡುಕಿ ಹೋದ ದಿನ

ಸಂತೇಬೆನ್ನೂರಿನಲ್ಲಿ ನನಗೊಬ್ಬ ವೆಲ್ಡಿಂಗ್ ಅಂಗಡಿಯ ಗೆಳೆಯನಿದ್ದ. ಎಂಥ ಕೆಲಸ ಬಂದರೂ ಲುಂಗಿ ಎತ್ತಿ ಕಟ್ಟಿ, "ಆಗ್ದೆ ಎಲ್ಲಿಗೆ ಹೋಗ್ತೈತೆ?" ಅನ್ನುತ್ತಿದ್ದ. ಅವನು ಸಾಕಿದ್ದ ಜೋಡಿ ಟರ್ಕಿ ಕೋಳಿಗಳಲ್ಲಿ ಹೇಂಟೆಯನ್ನು ನಾಯಿ ಹಿಡಿದು ಕೊಂದಿತು. ಹುಂಜ ಮೇವು ಬಿಟ್ಟು ಮೂಲೆ ಸೇರಿತು.

"ಜೊತೆ ಇಲ್ದಿದ್ರೆ ಇದೂ ಸಾಯ್ತೈತೆ" ಎಂದು ಬೈಕಿಗೆ ಬುಟ್ಟಿ ಕಟ್ಟಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟ.

ತ್ಯಾವಣಿಗೆಯಲ್ಲಿ ಸಿಗಲಿಲ್ಲ. ಮುಂದಿನ ಊರಿನಲ್ಲಿ ಟರ್ಕಿಯೆಂದು ಗಿನಿಕೋಳಿ ತೋರಿಸಿದರು. ನಾನು ವಾಪಸ್ ಹೋಗೋಣ ಎಂದೆ.

"ಸಿಗ್ದೆ ಎಲ್ಲಿಗೆ ಹೋಗ್ತೈತೆ?" ಎಂದು ಅವನು ಗಾಡಿ ಓಡಿಸಿದ.

ಸಂಜೆ ಹೊತ್ತಿಗೆ ಜಗಳೂರಿನ ಹತ್ತಿರ ಒಂದು ಮನೆಯಲ್ಲಿ ಹೇಂಟೆ ಇತ್ತು. ಆದರೆ ಅದು ಕಾವಿಗೆ ಕೂತಿತ್ತು.

"ಬೇಕಾದ್ರೆ ತಗಂಡು ಹೋಗ್ರಿ. ಮೊಟ್ಟೆ ಕೆಡ್ತವೆ, ಅಷ್ಟೆ," ಎಂದಳು ಮನೆಯಾಕೆ.

ಅವನು ಬಗ್ಗಿ ಕೈ ಚಾಚಿದ. ಹೇಂಟೆ ರೆಕ್ಕೆ ಅಗಲಿಸಿ ಮೊಟ್ಟೆಗಳನ್ನು ಮುಚ್ಚಿಕೊಂಡಿತು. ಅವನು ಕೈಯನ್ನು ಹಿಂದಕ್ಕೆಳೆದುಕೊಂಡ.

"ಕುಂತ್ಕಂಡಿರ್ಲಿ ಬಿಡ್ರಿ ಅಕ್ಕಾ. ಎಬ್ಬಿಸಬ್ಯಾಡ್ರಿ."

ಖಾಲಿ ಬುಟ್ಟಿಯೊಂದಿಗೆ ವಾಪಸಾದೆವು. ಮನೆ ಮುಟ್ಟಿದವನೇ ಹುಂಜದ ಮುಂದೆ ಕುಕ್ಕರಗಾಲಲ್ಲಿ ಕೂತು, ಮೆಕ್ಕೆಜೋಳದ ನುಚ್ಚನ್ನು ಅಂಗೈಯಲ್ಲಿ ಹಿಡಿದ. ಅದು ಮುಖ ತಿರುಗಿಸಿತು.

"ನಾಳೆ ಹೊನ್ನಾಳಿ ಕಡೆ ಹೋಗಿ ನೋಡ್ತೀನಿ," ಎಂದು ಅದಕ್ಕೇ ಹೇಳಿದ. "ಅಲ್ಲೀತನಕ ಎರಡು ಕಾಳು ತಿನ್ನು."