ಪಾತುಮ್ಮನ ಬುಟ್ಟಿಗೊಂದು ಸೀಟು

ಕೋಡಿಂಬಾಳದ ಪಾತುಮ್ಮ ಒಣಮೀನು ಮಾರುವವಳು. ತಲೆಯ ಮೇಲೆ ಬುಟ್ಟಿ, ಬಾಯಲ್ಲಿ ಎಲೆಯಡಿಕೆ. ಪುತ್ತೂರು, ಸುಳ್ಯ, ಕಡಬ ಮೂರನ್ನೂ ಇಪ್ಪತ್ತು ವರ್ಷ ಕಾಲಲ್ಲೇ ಅಳೆದವಳು. 1958ರಲ್ಲಿ ಅವಳ ಮೊಣಕಾಲು ಕೈಕೊಟ್ಟಿತು. ಊರಿಗೆ ಬಸ್ಸು ಬಾರದಿದ್ದರೆ ವ್ಯಾಪಾರ ಮುಗಿದ ಹಾಗೆಯೇ.

ಊರಲ್ಲಿದ್ದದ್ದು ಒಂದೇ ಕಾರು, ಊರ ಜಮೀನಿನ ಒಡೆಯ, ನಮ್ಮೆಲ್ಲರ ಧನಿ ಸರ್ವೋತ್ತಮ ರೈಗಳದ್ದು. ಹೆರಿಗೆಯಿರಲಿ, ಹಾವು ಕಚ್ಚಲಿ, ಅವರ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕು. ಧನಿ ಕೆಟ್ಟವರಲ್ಲ, ಕಾರು ಕೊಡುತ್ತಿದ್ದರು. ಆದರೆ ಆ ಕಾರು ಹತ್ತಿದ ಒಕ್ಕಲಿನವನು ಮತ್ತೆ ಗೇಣಿಯ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ರೈತಸಂಘದ ನಾವು ಬಸ್ಸಿಗಾಗಿ ಬಾವುಟ ಹಿಡಿದೆವು, ಅರ್ಜಿ ಬರೆದೆವು. ಅರ್ಜಿಯನ್ನು ಗೆದ್ದಲು ತಿಂದಿತು.

"ನಿಮ್ಮ ಬಾವುಟಕ್ಕೆ ಬಸ್ಸು ಬರುದಿಲ್ಲ ಮಾರಾಯ್ರೆ," ಎಂದಳು ಪಾತುಮ್ಮ. "ಸುಳ್ಯದಲ್ಲಿ ವಕೀಲರೂ ಬಸ್ಸಲ್ಲೇ ಬರುದು. ಪುತ್ತೂರಲ್ಲಿ ಕಾರಿದ್ದವರೂ ಸಂತೆ ದಿನ ಬಸ್ಸು ಹತ್ತುದುಂಟು. ನಮ್ಮ ಧನಿಯನ್ನು ಒಮ್ಮೆ ಹತ್ತಿಸುವ."

ಅವಳೇ ಹೋಗಿ ಕೇಳಿದಳು, ಧನಿ ಒಪ್ಪಿದರು. ಧನಿಯೇ ಬರುತ್ತಾರೆಂದ ಮೇಲೆ ಬಸ್ಸಿನ ಮಾಲಕ ಮಹಾಬಲ ಶೆಟ್ರೂ ಬಗ್ಗಿದರು. ಸೋಮವಾರ ಒಂದು ದಿನ ಪುತ್ತೂರಿಗೆ ಓಡಿಸಿ ನೋಡುವುದು, ಸೀಟು ತುಂಬಿದರೆ ಮುಂದೆಯೂ ಉಂಟು.

ಸೋಮವಾರ ಧನಿ ಇಸ್ತ್ರಿ ಮಾಡಿದ ಜುಬ್ಬ ಹಾಕಿ ಮುಂದಿನ ಸೀಟಿನಲ್ಲಿ ಕೂತರು. ಎಡವಟ್ಟಾದದ್ದೇ ಅಲ್ಲಿ. ಧನಿ ಕೂತಲ್ಲಿ ಒಕ್ಕಲು ಕೂರುವ ಕ್ರಮವಿಲ್ಲ. ಬಂದ ಮೂವತ್ತು ಜನ ಮುಂಡಾಸು ಬಿಚ್ಚಿ ರಸ್ತೆಬದಿಯಲ್ಲೇ ನಿಂತರು. ಮೆರವಣಿಗೆಯಲ್ಲಿ ಎಲ್ಲರಿಗಿಂತ ಜೋರು ಕೂಗುವ ನಮ್ಮ ಕುಕ್ಕಪ್ಪನೂ!

"ಹತ್ತು ಮಾರಾಯ, ಎಂತ ನೋಡುದು?" ಎಂದೆ.

"ಧನಿಗಳು ಇಳಿದ ಮೇಲೆ ಹತ್ತುವ," ಎಂದ.

ಶೆಟ್ರು ಖಾಲಿ ಸೀಟು ನೋಡಿ, "ಸಾಕು, ಗಾಡಿ ತಿರುಗಿಸು," ಎಂದು ಡ್ರೈವರನಿಗೆ ಹೇಳಿದರು.

ಅಷ್ಟರಲ್ಲಿ ಪಾತುಮ್ಮ ಬುಟ್ಟಿ ಸಮೇತ ಹತ್ತಿದಳು. ನೇರ ಧನಿಯ ಹತ್ತಿರ ಹೋಗಿ, "ಸ್ವಲ್ಪ ಅತ್ತ ಸರಿಯಿರಿ ಧನಿಗಳೇ," ಎಂದು ಪಕ್ಕದಲ್ಲೇ ಕೂತಳು.

"ನಾರ್ತದಲ್ಲ ಪಾತುಮ್ಮ!" ಎಂದು ಧನಿ ಮೂಗು ಮುಚ್ಚಿಕೊಂಡರು.

"ನಿಮ್ಮ ಅಡುಗೆಮನೆಗೆ ಬರುದೂ ಇದೇ ಮೀನು. ಅಲ್ಲಿ ನಾರುದಿಲ್ಲ, ಬಸ್ಸಲ್ಲಿ ನಾರುದಾ?"

ಧನಿಗೆ ನಗು ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು: "ಹತ್ತಿ ಕೂತುಕೊಳ್ಳಿ ಎಲ್ಲ! ನನ್ನೊಬ್ಬನನ್ನೇ ಇವಳ ಕೈಗೆ ಕೊಡುದಾ?"

ಮೊದಲು ಕುಕ್ಕಪ್ಪ ಹತ್ತಿದ, ಸೀಟಿನ ತುದಿಯಲ್ಲಿ ಕೋಳಿಯ ಹಾಗೆ ಕೂತ. ಮತ್ತೆ ನೂಕುನುಗ್ಗಲು. ಹೊರಟಾಗ ಶೆಟ್ರಿಗೇ ಸೀಟಿಲ್ಲ. ಪುತ್ತೂರಿನವರೆಗೂ ಕಂಬಿ ಹಿಡಿದು ನಿಂತೇ ಬಂದರು, ದಾರಿಯಲ್ಲಿ ಸಿಕ್ಕಿದವರಿಗೆಲ್ಲ ನಾಳೆಯ ಬಸ್ಸಿನ ಹೊತ್ತು ಕೂಗಿ ಹೇಳುತ್ತಾ.